ಗುಂಯ್ ಅನ್ನೋ ಆಂಪ್ಲಿಫೈಯರ್, ಮುರಿದ ಅರ್ಥ್ ಪಿನ್



ಪೋಸ್ಟ್ ಉದ್ದ ಇದೆ. ಹೋರಾಟದ ಹಾಡು ಹಾಡುವ ತಂಡದವರು, ಮೈಕ್‌ಸೆಟ್ ನೋಡಿಕೊಳ್ಳುವ ಹುಡುಗರು, ಏಪ್ರಿಲ್ 14ಕ್ಕೆ ವೇದಿಕೆ ಕಟ್ಟುವವರು ದಯವಿಟ್ಟು ಕೊನೆತನಕ ಓದ್ರಿ. ಮೇಲ್ನೋಟಕ್ಕೆ ಇದು ಆಂಪ್ಲಿಫೈಯರ್ ರಿಪೇರಿ ವಿಷಯ. ಆದರೆ ಇದರೊಳಗ ನಮ್ಮ ಹುಡುಗರ ಜೀವದ ಪ್ರಶ್ನೆ ಅದ. ಅದಕ್ಕೇ ಬರೀತಿದ್ದೀನಿ.

ನಮ್ಮ ತಂಡದ ಹತ್ತಿರ ಒಂದು ಹಳೆ ವಾಲ್ವ್ ಆಂಪ್ಲಿಫೈಯರ್ ಇದೆ. ಶಹಾಪುರ ಕಡೆ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಟ್ರಾನ್ಸಿಸ್ಟರ್ ಸೆಟ್ ಬಂದ ಮೇಲೆ ಅದನ್ನ ಅಟ್ಟಕ್ಕೆ ಹಾಕಿದ್ದರು. ಮದುವೆ, ಜಾತ್ರೆ, ಚುನಾವಣೆ ಎಲ್ಲಾ ಕಂಡ ಪೆಟ್ಟಿಗೆ. ಕಂಪನಿ ಹೆಸರಿನ ಪಟ್ಟಿ ಯಾವಾಗೋ ಕಿತ್ತುಹೋಗಿದೆ. ಇಟ್ಟುಕೊಂಡು ನಾನೇನು ಮಾಡಲಿ, ನೀವು ಹಾಡೋರು ಒಯ್ರಿ ಅಂತ ಕೊಟ್ಟುಬಿಟ್ಟರು. ಅದೇ ಹೊತ್ತಿಗೆ ಸುರಪುರ ತಾಲ್ಲೂಕಿನ ನಮ್ಮ ಹುಡುಗನೊಬ್ಬ ಬೆಂಗಳೂರಿಗೆ ಗುಳೆ ಹೋಗಿ, ಸೆಂಟ್ರಿಂಗ್ ಕೆಲಸ ಮಾಡಿ, ಉಳಿಸಿದ ರೊಕ್ಕದಾಗ ಒಂದು ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಂದಿದ್ದ. ಗಿಟಾರ್ ಬಂತು, ಆಂಪ್ಲಿಫೈಯರ್‌ಗೆ ರೊಕ್ಕ ಉಳಿದಿರಲಿಲ್ಲ. ಹಂಗಾಗಿ ಅಟ್ಟದ ಪೆಟ್ಟಿಗೆ ಮತ್ತು ಗುಳೆಯ ಗಿಟಾರ್ ಎರಡೂ ಕೂಡಿದವು.

ನಮ್ಮ ಹಾಡಿಗೆ ಗಿಟಾರ್ ಯಾಕೆ ಅಂತ ಕೇಳೋರು ಈಗಲೂ ಇದ್ದಾರೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಿದ್ದು 1975ರಲ್ಲಿ. ಆ ಕಾಲದ ಹಾಡುಗಳನ್ನ ಊರೂರಿಗೆ ಹೊತ್ತೊಯ್ದದ್ದು ಗಂಟಲು ಮತ್ತು ಹಲಗಿ. ಕರೆಂಟ್ ಬೇಕಿರಲಿಲ್ಲ. ಚೆನ್ನೈನ ಕಾಸ್ಟ್‌ಲೆಸ್ ಕಲೆಕ್ಟಿವ್ 2018ರ ಜನವರಿಯಲ್ಲಿ ವೇದಿಕೆ ಹತ್ತಿದಾಗ ಗಾನಾ, ರ‍್ಯಾಪ್, ಗಿಟಾರ್ ಎಲ್ಲಾ ಒಟ್ಟಿಗೆ ಇದ್ದವು. ಅದನ್ನ ಮೊಬೈಲ್‌ನಾಗ ನೋಡಿ ಬೆಳೆದ ನಮ್ಮ ಹುಡುಗರು ಹಲಗಿ ಬಿಟ್ಟಿಲ್ಲ, ಅದರ ಮಗ್ಗುಲಿಗೆ ಗಿಟಾರ್ ನಿಲ್ಲಿಸ್ಯಾರ. ನಿಲ್ಲಲಿ ಬಿಡ್ರಿ.

ಹಲಗಿ ಬಾರಿಸೋರಿಗೆ ವಾಲ್ವ್ ಅರ್ಥ ಮಾಡಿಸೋದು ಬಹಳ ಸುಲಭ. ಕಾಸದ ಹಲಗಿ ದಪ್ ದಪ್ ಅಂತದ. ಬೆಂಕಿ ಹಚ್ಚಿ ಕಾಸಿದ್ರ ಚರ್ಮ ಬಿಗೀತದ, ದನಿ ಏಳ್ತದ. ವಾಲ್ವ್‌ನ ಗಾಜಿನೊಳಗೂ ಒಂದು ಹೀಟರ್ ಇದೆ. ಅದು ಕೆಂಪಗೆ ಕಾಯುವ ತನಕ ಎಲೆಕ್ಟ್ರಾನ್ ಹೊರಡುವುದಿಲ್ಲ, ದನಿ ಬರುವುದಿಲ್ಲ. ಸ್ವಿಚ್ ಹಾಕಿ ಅರ್ಧ ನಿಮಿಷ ಕಾಯಬೇಕು. ಈ ವಾಲ್ವ್‌ಗಳು ಒಂದು ಕಾಲಕ್ಕೆ ನಮ್ಮ ರಾಜ್ಯದಲ್ಲೇ ತಯಾರಾಗುತ್ತಿದ್ದವು. ಬೆಂಗಳೂರಿನ ಬಿಇಎಲ್ 1961ರಲ್ಲಿ ವಾಲ್ವ್ ತಯಾರಿಕೆ ಶುರುಮಾಡಿತು. ನಮ್ಮ ಪೆಟ್ಟಿಗೆಯಲ್ಲಿ ಮುಂದೆ ಸಣ್ಣವು ಎರಡು ಇಸಿಸಿ 83, ಹಿಂದೆ ಸ್ಪೀಕರ್‌ಗೆ ದೂಡುವವು ಎರಡು ಇಎಲ್ 84. ಒಂದು ಇಸಿಸಿ 83ರ ಗಾಜಿನ ಮೇಲೆ ಬಿಇಎಲ್ ಅನ್ನೋ ಅಕ್ಷರ ಮಸುಕಾಗಿ ಇನ್ನೂ ಕಾಣ್ತದ.

ಸರಿ, ಗಿಟಾರ್ ಹಚ್ಚಿದರು. ದನಿ ಬಂತು. ದನಿಗಿಂತ ಮೊದಲು ಗುಂಯ್ ಬಂತು. ಹಾಡು ನಿಲ್ಲಿಸಿದಾಗಲೂ ಗುಂಯ್. ಮಾತಾಡುವವರು ಮೈಕಿಗೆ ಬಂದರೂ ಹಿಂದೆ ಗುಂಯ್. ಆಗ ಮೈಕ್‌ಸೆಟ್ಟಿನ ಒಬ್ಬ ಹುಡುಗ ಹೇಳಿದ ಉಪಾಯ ಇದು: ಅಣ್ಣಾ, ಪ್ಲಗ್ಗಿನ ದಪ್ಪ ಪಿನ್ ಮುರಿದುಬಿಡ್ರಿ, ನಾವು ಎಲ್ಲಾ ಕಡೆ ಹಂಗೇ ಮಾಡ್ತೀವಿ, ಗುಂಯ್ ಹೋಗ್ತದ.

ಅವನು ಸುಳ್ಳು ಹೇಳಲಿಲ್ಲ. ಪಿನ್ ಮುರಿದರೆ ಎಷ್ಟೋ ಸಲ ಗುಂಯ್ ಹೋಗೇ ಹೋಗ್ತದ. ಅದೇ ಅಪಾಯ. ಆ ದಿನ ಅವನ ಪೆಟ್ಟಿಗೆ ತೆರೆಸಿ ನೋಡಿದೆ. ಮಿಕ್ಸರ್, ಆಂಪ್, ಎಕ್ಸ್‌ಟೆನ್ಶನ್ ಬೋರ್ಡ್ ಎಲ್ಲಾ ಸೇರಿ ಐದು ಪ್ಲಗ್. ಐದರಲ್ಲೂ ಅರ್ಥ್ ಪಿನ್ ಇರಲಿಲ್ಲ.

ಇದನ್ನ ಸಾವಕಾಶ ತಿಳ್ಕೊಳ್ರಿ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಕೇಬಲ್ಲಿನ ಹೊರಜಾಲಿ ಮೂಲಕ ಆಂಪ್ಲಿಫೈಯರ್‌ನ ಲೋಹದ ಡಬ್ಬಿಗೆ, ಅಂದರೆ ಚಾಸಿಗೆ ಸೇರಿರುತ್ತವೆ. ತಂತಿ ಮುಟ್ಟಿದ ಹುಡುಗ ಡಬ್ಬಿ ಮುಟ್ಟಿದಂತೆಯೇ. ಡಬ್ಬಿಯೊಳಗೆ ಹಳೆ ಟ್ರಾನ್ಸ್‌ಫಾರ್ಮರ್ ಸೋರಿದರೆ, ಇಲ್ಲಾ ಒಂದು ವೈರ್ ಕಳಚಿ ತಾಗಿದರೆ, 230 ವೋಲ್ಟ್ ಡಬ್ಬಿಗೆ ಬರುತ್ತದೆ. ಅರ್ಥ್ ಸರಿ ಇದ್ದರೆ ಆ ಕರೆಂಟ್ ನೆಲಕ್ಕೆ ಹೋಗಿ ಫ್ಯೂಜ್ ಹಾರಿಸುತ್ತದೆ. ಅರ್ಥ್ ಇಲ್ಲದಿದ್ದರೆ ಅದು ದಾರಿ ಕಾಯ್ತಾ ಕೂಡ್ತದ. ಹುಡುಗ ಒಂದು ಕೈಯಲ್ಲಿ ತಂತಿ ಹಿಡಿದು, ಇನ್ನೊಂದು ಕೈಯಲ್ಲಿ ಬೇರೆ ಲೈನಿಗೆ ಹಚ್ಚಿದ ಮೈಕ್ ಹಿಡಿದ ಅಂದ್ರ ಅವನ ಎದೆಯೇ ಆ ದಾರಿ.

ಇದು ಬರೀ ಹೆದರಿಸೋ ಮಾತಲ್ಲ. ಸ್ಟೋನ್ ದ ಕ್ರೋಸ್ ಅನ್ನೋ ಸ್ಕಾಟ್ಲೆಂಡಿನ ತಂಡದಲ್ಲಿ ಲೆಸ್ ಹಾರ್ವೆ ಅಂತ ಗಿಟಾರ್ ವಾದಕ ಇದ್ದ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೇ, ಅರ್ಥ್ ಇಲ್ಲದ ಮೈಕ್ ಮುಟ್ಟಿ ಸತ್ತ. ವಯಸ್ಸು 27. ಶ್ರೀಮಂತ ದೇಶ, ದೊಡ್ಡ ವೇದಿಕೆ, ಹೆಸರಿದ್ದ ತಂಡ. ಅಲ್ಲಿಯೇ ಹಂಗಾದ್ರ, ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟ್ ತಗೊಂಡ ನಮ್ಮ ಪೆಂಡಾಲಿನಾಗ ಏನು ಗತಿ?

ಹಾಗಾದರೆ ಪಿನ್ ಮುರಿದರೆ ಗುಂಯ್ ಯಾಕೆ ನಿಲ್ತದ? ಮಿಕ್ಸರ್ ಒಂದು ಬೋರ್ಡಿಗೆ, ಆಂಪ್ ದೂರದ ಇನ್ನೊಂದು ಬೋರ್ಡಿಗೆ ಹಚ್ಚಿರುತ್ತೇವೆ. ಎರಡಕ್ಕೂ ಅರ್ಥ್ ಇದೆ. ನಡುವೆ ಸಿಗ್ನಲ್ ಕೇಬಲ್ಲಿನ ಹೊರಜಾಲಿಯೂ ಎರಡನ್ನೂ ಜೋಡಿಸುತ್ತದೆ. ಒಂದು ದೊಡ್ಡ ಉಂಗುರ ಆಯ್ತು. ಆ ಉಂಗುರದಲ್ಲಿ 50 ಹರ್ಟ್ಜ್‌ನ ಸಣ್ಣ ಕರೆಂಟ್ ಸುತ್ತುತ್ತದೆ, ಅದೇ ಗುಂಯ್. ಪಿನ್ ಮುರಿದರೆ ಉಂಗುರ ಹರಿಯುತ್ತದೆ, ಸದ್ದು ನಿಲ್ಲುತ್ತದೆ. ಸರಿಯಾದ ದಾರಿ ಬೇರೆ ಇದೆ. ಮಿಕ್ಸರ್, ಆಂಪ್ ಎರಡನ್ನೂ ಒಂದೇ ಬೋರ್ಡಿಗೆ ಹಚ್ಚಿ. ಅರ್ಧದಷ್ಟು ಗುಂಯ್ ಅಲ್ಲೇ ಹೋಗಬಹುದು. ಉಳಿದರೆ ನಡುವೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ, ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಅಲ್ಲಿ ಹರಿಯುವುದು ಸಿಗ್ನಲ್ ಕೇಬಲ್ಲಿನ ಜಾಲಿ ಮಾತ್ರ. ಕರೆಂಟಿನ ಅರ್ಥ್ ಹಂಗೇ ಇರ್ತದ. ಯಾವುದನ್ನ ಹರೀಬೇಕು, ಯಾವುದನ್ನ ಮುಟ್ಟಬಾರದು ಅನ್ನೋದು ಗೊತ್ತಿದ್ರ ಸಾಕು.

ನಮ್ಮ ಪೆಟ್ಟಿಗೆಗೆ ಎರಡೇ ಪಿನ್ನಿನ ಹಳೇ ವೈರ್ ಇತ್ತು. ಮೊದಲು ಮಾಡಿದ್ದು ಅದನ್ನ ಕಿತ್ತು ಮೂರು ಎಳೆಯ ವೈರ್ ಹಾಕಿ, ಹಸಿರು ಎಳೆಯನ್ನ ಚಾಸಿಗೆ ಬೋಲ್ಟ್ ಹಾಕಿ ಬಿಗಿದದ್ದು. ಹಳೆ ಎರಡು ಪಿನ್ನಿನ ಸೆಟ್‌ಗಳಲ್ಲಿ ಕರೆಂಟ್ ಲೈನಿಂದ ಚಾಸಿಗೆ ಒಂದು ಕೆಪಾಸಿಟರ್ ಹಾಕಿರುವುದುಂಟು, ಗುಂಯ್ ಕಡಿಮೆ ಮಾಡೋಕೆ ಅಂತ. ಅದು ಶಾರ್ಟ್ ಆದರೆ ಡಬ್ಬಿಗೆ ನೇರ ಲೈನ್. ಗಿಟಾರ್ ರಿಪೇರಿಯವರು ಅದಕ್ಕೆ ಇಟ್ಟ ಹೆಸರೇ ಡೆತ್ ಕ್ಯಾಪ್. ನಮ್ಮದರಲ್ಲೂ ಇತ್ತು. ಕತ್ತರಿಸಿ ತೆಗೆದೆ.

ಆಮೇಲೆ ಗುಂಯ್ ಹುಡುಕಲು ಕೂತೆವು. ನನಗೆ ಈ ಕೆಲಸ ಐಟಿಐ ಕಲಿಯುವಾಗಿನಿಂದ ರೂಢಿ. ನಿಯಮ ಎರಡೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಮಾಡಿದ ಮೇಲೆ ಕಿವಿಗೊಟ್ಟು ಕೇಳು.

ಅದಕ್ಕಿಂತ ಮೊದಲು ಎಚ್ಚರಿಕೆ. ವಾಲ್ವ್ ಆಂಪ್‌ನೊಳಗೆ 300 ವೋಲ್ಟ್‌ ಆಸುಪಾಸಿನ ಡಿ.ಸಿ. ಇರುತ್ತದೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತರೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಅದು ನಿಂತಿರುತ್ತದೆ. ರೆಸಿಸ್ಟರ್ ಹಚ್ಚಿ ಖಾಲಿ ಮಾಡಬೇಕು, ಮಲ್ಟಿಮೀಟರ್ ಹಿಡಿದು ಸೊನ್ನೆ ಆಗಿದ್ದನ್ನ ನೋಡಬೇಕು, ಆಮೇಲೇ ಕೈ. ಗೊತ್ತಿಲ್ಲದವರು ಡಬ್ಬಿ ತೆರೆಯಬೇಡಿ, ಗೊತ್ತಿದ್ದವರ ಮಗ್ಗುಲಿಗೆ ಕೂತು ಕಲಿಯಿರಿ. ಇನ್ನೊಂದು, ಸ್ಪೀಕರ್ ಹಚ್ಚದೇ ವಾಲ್ವ್ ಆಂಪ್ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗ್ತದ.

ಮೊದಲ ಪರೀಕ್ಷೆ: ಗಿಟಾರ್ ಕಿತ್ತುಹಾಕಿ ವಾಲ್ಯೂಮ್ ಸೊನ್ನೆಗೆ ತಂದೆವು. ಗುಂಯ್ ಇತ್ತು. ಅಂದರೆ ಈ ಸದ್ದು ಗಿಟಾರಿನದಲ್ಲ, ವಾಲ್ಯೂಮ್ ಗುಂಡಿಗಿಂತ ಮುಂಚಿನದೂ ಅಲ್ಲ. ಹಿಂದಿನ ಭಾಗದ್ದು. ವಾಲ್ಯೂಮ್ ಏರಿಸಿದಂತೆ ಏರುವ ಸದ್ದು ಮುಂದಿನ ಭಾಗದ್ದು, ಏರದೇ ಇರುವುದು ಹಿಂದಿನದು. ಈ ಒಂದು ತಿರುವಿನಿಂದ ಅರ್ಧ ಪೆಟ್ಟಿಗೆ ನಿರ್ದೋಷಿ ಅಂತ ಗೊತ್ತಾಯ್ತು.

ಎರಡನೇದು ಕಿವಿಯ ಪರೀಕ್ಷೆ. ಇದನ್ನ ಹುಡುಗರು ಬಹಳ ಖುಷಿಪಟ್ಟರು. ನಮ್ಮ ಕರೆಂಟ್ 50 ಹರ್ಟ್ಜ್. ಅದು ಎ.ಸಿ.ಯಿಂದ ಡಿ.ಸಿ. ಆಗುವಾಗ ಉಳಿಯುವ ಅಲೆ 100 ಹರ್ಟ್ಜ್. ಗಿಟಾರಿನ ದಪ್ಪ ತಂತಿಯ ಮೂರನೇ ಮನೆ ಒತ್ತಿ ಮೀಟಿದರೆ 98 ಹರ್ಟ್ಜ್, ಹೆಚ್ಚುಕಡಿಮೆ ಅದೇ ಸ್ವರ. ಗಿಟಾರನ್ನ ಆಂಪ್‌ಗೆ ಹಚ್ಚದೇ ಹಂಗೇ ಮೀಟಿ ಕೇಳಿದೆವು. ಗುಂಯ್ ಆ ಸ್ವರಕ್ಕೆ ಕೂಡಿತು. ಕೂಡಿದರೆ ದೋಷ ಫಿಲ್ಟರ್ ಕೆಪಾಸಿಟರ್ ಕಡೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಇದ್ದರೆ 50 ಹರ್ಟ್ಜ್, ಆಗ ಹೀಟರ್ ವೈರ್, ಕೇಬಲ್, ಅರ್ಥ್ ಉಂಗುರ ಇವನ್ನ ಅನುಮಾನಿಸಬೇಕು. ಮೀಟರ್ ಇಲ್ಲದೇ, ಗಿಟಾರಿನಿಂದಲೇ ಗಿಟಾರ್ ಆಂಪ್‌ನ ರೋಗ ತಿಳಿಯುವ ದಾರಿ ಇದು.

ತೆರೆದು ನೋಡಿದರೆ ಫಿಲ್ಟರ್ ಕೆಪಾಸಿಟರ್‌ಗಳ ತುದಿ ಉಬ್ಬಿ, ಅಂಟು ಸೋರಿತ್ತು. ಅವುಗಳೊಳಗಿನ ರಸ ವರ್ಷ ಕಳೆದಂತೆ ಒಣಗುತ್ತದೆ. ನಮ್ಮ ಯಾದಗಿರಿ ಬಿಸಿಲಿಗೆ, ಅದೂ ತಗಡಿನ ಕೆಳಗಿನ ಅಟ್ಟದಲ್ಲಿ, ಇನ್ನೂ ಬೇಗ. ಹೈದರಾಬಾದಿನ ಕೋಠಿಗೆ ಹೋದವರಿಂದ 47 ಮೈಕ್ರೋಫ್ಯಾರಡ್, 450 ವೋಲ್ಟ್‌ನವು ತರಿಸಿ ಹಾಕಿದೆವು. ಪ್ಲಸ್ ಮೈನಸ್ ತಿರುವುಮುರುವಾದರೆ ಸಿಡಿಯುತ್ತದೆ. ವೋಲ್ಟ್ ಹಳೆಯದಕ್ಕಿಂತ ಕಡಿಮೆ ಇರಬಾರದು. ರೆಕ್ಟಿಫೈಯರ್ ಕೂಡ ವಾಲ್ವ್ ಆಗಿದ್ದರೆ ಮೊದಲನೇ ಕೆಪಾಸಿಟರ್ ಬಹಳ ದೊಡ್ಡದು ಹಾಕಬೇಡಿ. ಇದನ್ನ ಹಾಕಿದ ಮೇಲೂ 100 ಹರ್ಟ್ಜ್ ಉಳಿದರೆ ಎರಡು ಇಎಲ್ 84 ಸಮ ಇಲ್ಲ ಅಂತ ಅರ್ಥ. ಅವು ಎದುರುಬದುರು ನಿಂತು ಒಂದರ ಗುಂಯ್ ಇನ್ನೊಂದು ಅಳಿಸಬೇಕು. ಒಂದು ಮುದುಕ, ಒಂದು ಹುಡುಗ ಆದ್ರ ಅಳಿಸೋದಿಲ್ಲ. ನಮ್ಮವು ಪರವಾಗಿಲ್ಲ.

ಆಗ ವಾಲ್ಯೂಮ್ ಏರಿಸಿದೆವು. ಈಗ ಇನ್ನೊಂದು ಗುಂಯ್, ಇನ್ನೂ ಕೆಳದನಿಯದು. ದೊಡ್ಡ ಸದ್ದಿನ ಹಿಂದೆ ಅಡಗಿ ಕೂತಿತ್ತು. ಸ್ವಿಚ್ ಆರಿಸಿ, ಮೊದಲನೇ ಇಸಿಸಿ 83 ಬಟ್ಟೆ ಹಿಡಿದು ಕಿತ್ತು, ಮತ್ತೆ ಆನ್ ಮಾಡಿದೆವು. ಇಲ್ಲ. ಹಾಕಿದರೆ ಇದೆ. ಅಂದರೆ ಆ ವಾಲ್ವ್ ಅಥವಾ ಅದರ ಸುತ್ತಲಿನ ವೈರಿಂಗ್. ನೋಡಿದರೆ ಹೀಟರ್‌ನ 6.3 ವೋಲ್ಟ್ ಎ.ಸಿ. ವೈರ್‌ಗಳು ಸಡಿಲಾಗಿ, ಗಿಟಾರ್ ಬರುವ ವೈರಿನ ಮೈಮೇಲೆ ಮಲಗಿದ್ದವು. ಎರಡನ್ನೂ ಜಡೆಯಂತೆ ಬಿಗಿಯಾಗಿ ಹೆಣೆದು ಡಬ್ಬಿಯ ಮೂಲೆಗೆ ಒತ್ತಿದೆ. ಎರಡೂ ಎಳೆಯಿಂದ ಚಾಸಿಗೆ 100 ಓಮ್‌ನ ಒಂದೊಂದು ರೆಸಿಸ್ಟರ್ ಹಾಕಿದೆ. ಹೆಣೆದ ವೈರಿನಲ್ಲಿ ಒಂದರ ಕಾಂತಕ್ಷೇತ್ರ ಇನ್ನೊಂದನ್ನ ಅಳಿಸುತ್ತದೆ.

ಮೂರನೇದು ಟಿಣ್ ಅನ್ನೋ ಸದ್ದು. ಒಣ ಕಟ್ಟಿಗೆಯ ಪೆನ್ಸಿಲ್ ತಗೊಂಡು ಒಂದೊಂದು ವಾಲ್ವ್ ಮೆಲ್ಲಗೆ ತಟ್ಟಿದೆವು. ಬಿಇಎಲ್ ಇಸಿಸಿ 83 ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆ ಬಾರಿಸಿದಂತಾಯ್ತು. ಒಳಗಿನ ಜಾಲಿ ಸಡಿಲಾದ ವಾಲ್ವ್ ಸ್ವತಃ ಮೈಕ್ ಆಗಿಬಿಡುತ್ತದೆ. ಬಿಸಾಡಲಿಲ್ಲ. ಮೊದಲನೇ ಜಾಗದಿಂದ ಎರಡನೇ ಜಾಗಕ್ಕೆ ಬದಲಿಸಿದೆವು, ಅಲ್ಲಿ ಅಷ್ಟು ಸೂಕ್ಷ್ಮ ಕೆಲಸ ಇಲ್ಲ. ಚಟಪಟ ಸದ್ದು ವಾಲ್ವ್ ಕೂಡುವ ಸಾಕೆಟ್ಟಿನ ಧೂಳಿನಿಂದ ಬರುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕು ಸಲ ಹಾಕಿ ತೆಗೆದರೆ ಹೋಯ್ತು.

ಕೊನೆಗೆ ಗಿಟಾರ್ ಹಚ್ಚಿದೆವು. ಝಂಯ್ ಅಂತ ಮತ್ತೊಂದು. ಹುಡುಗ ಕೂತಲ್ಲೇ ತಿರುಗಿದ, ಸದ್ದು ಕಡಿಮೆ ಆಯ್ತು. ಮತ್ತೆ ತಿರುಗಿದ, ಹೆಚ್ಚಾಯ್ತು. ತಿರುಗಿದರೆ ಬದಲಾಗುವ ಸದ್ದು ಗಾಳಿಯಿಂದ ಬರುವುದು. ಒಂದೇ ಸುರುಳಿಯ ಪಿಕಪ್ ಆಂಟೆನಾದಂತೆ ಎಲ್ಲಾ ಹಿಡಿಯುತ್ತದೆ. ಟ್ಯೂಬ್‌ಲೈಟಿನ ಚೋಕ್, ಅಗ್ಗದ ಮೊಬೈಲ್ ಚಾರ್ಜರ್, ಜಯಂತಿಗೆ ಹಾಕುವ ಎಲ್ಇಡಿ ಸೀರಿಯಲ್ ಸೆಟ್ ಎಲ್ಲಾ ಇದಕ್ಕೆ ಕಾರಣ. ಬಾಬಾಸಾಹೇಬರ ಫೋಟೋ ಸುತ್ತ ಮಿನುಗುವ ಲೈಟೇ ಗಿಟಾರಿನಲ್ಲಿ ಕೇಳಿಸುತ್ತದೆ! ಲೈಟಿನ ಸರ ಗಿಟಾರಿನಿಂದ ದೂರ ಇಡಿ, ಅದರ ಲೈನ್ ಬೇರೆ ಮಾಡಿ.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಒಂದು ಸಣ್ಣ ಸುಯ್. ಅದನ್ನ ತೆಗೆಯೋಕೆ ಹೋಗಬೇಡಿ. ಬಿಸಿ ಇರುವ ಪ್ರತಿ ವಸ್ತುವಿನಲ್ಲೂ ಎಲೆಕ್ಟ್ರಾನ್ ಕದಲುತ್ತವೆ, ಆ ಕದಲಿಕೆಯೇ ಸದ್ದು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲಿ ಇದನ್ನ ಲೆಕ್ಕ ಸಮೇತ ತೋರಿಸಿದರು. ಪೂರ್ತಿ ಸದ್ದಿಲ್ಲದ ಆಂಪ್ಲಿಫೈಯರ್ ಆರಿಸಿಟ್ಟ ಆಂಪ್ಲಿಫೈಯರ್ ಒಂದೇ.

ಇಲ್ಲಿಂದ ಮುಂದೆ ಹೋರಾಟದ ಗೆಳೆಯರಿಗೆ ನಾಲ್ಕು ಮಾತು.

ಎಂಜಿನಿಯರಿಂಗ್ ಪುಸ್ತಕದಲ್ಲಿ ನಾಯ್ಸ್ ಅಂದರೆ ಬೇಡದ ಸದ್ದು. ಎಷ್ಟು ಜೋರು ಅನ್ನೋದು ಆಮೇಲಿನ ಮಾತು. ಬೇಡ ಅನ್ನುವವರು ಯಾರು ಅನ್ನೋದು ಮೊದಲ ಮಾತು. ನನ್ನ ಅಜ್ಜ ಹಲಗಿ ಬಾರಿಸುತ್ತಿದ್ದ. ಊರ ದೇವರ ಮುಂದೆ, ಊರ ಗೌಡರ ಮನೆ ಸಾವಿನಲ್ಲಿ, ಹೊತ್ತಿಲ್ಲ ಗೊತ್ತಿಲ್ಲ, ಕರೆದಾಗ ಹೋಗಬೇಕು. ಅದು ಚಾಕರಿ. ಆ ಹಲಗಿ ಸದ್ದು ಯಾರಿಗೂ ಗದ್ದಲ ಅನ್ನಿಸಲಿಲ್ಲ. ಅದೇ ಹಲಗಿ ಅದೇ ಓಣಿಯಲ್ಲಿ ಏಪ್ರಿಲ್ 14ಕ್ಕೆ ಬಾರಿಸಿದರೆ ಮಕ್ಕಳ ಪರೀಕ್ಷೆ ನೆನಪಾಗ್ತದ, ಮುದುಕರ ಬಿಪಿ ನೆನಪಾಗ್ತದ.

ನಮ್ಮ ಕಡೆಯ ಒಂದು ಊರು, ಹೆಸರು ಬೇಡ. ಜಯಂತಿಗೆ ಮೊದಲು ಶಾಂತಿ ಸಭೆ ಕರೆದರು. ಎರಡೂ ಕಡೆಯವರು ಕೂತರು. ನಮ್ಮವರಿಗೆ ಹೇಳಿದ್ದು, ಗದ್ದಲ ಬೇಡ, ಗುಡಿ ಮುಂದಿನ ದಾರಿ ಬಿಟ್ಟು ಹಿಂದಿನ ದಾರಿಯಲ್ಲಿ ಮೆರವಣಿಗೆ ಒಯ್ರಿ. ಗುಡಿ ಮುಂದಿನ ದಾರಿಯಲ್ಲಿ ಫೋಟೋ ಬಂದರೆ ಯಾಕೆ ತೊಂದರೆ, ತೊಂದರೆ ಯಾರಿಂದ ಅಂತ ಸಭೆಯಲ್ಲಿ ಯಾರೂ ಕೇಳಲಿಲ್ಲ. ಮೆರವಣಿಗೆ ಹಿಂದಿನ ದಾರಿಯಲ್ಲಿ ಹೋಯ್ತು. ಸಭೆ ಯಶಸ್ವಿ ಅಂದರು. ನನ್ನ ಲೆಕ್ಕದಲ್ಲಿ ಅಲ್ಲಿ ಅರ್ಥ್ ಪಿನ್ ಮುರಿದರು. ಸದ್ದು ನಿಂತಿತು, ದೋಷ ಡಬ್ಬಿಯೊಳಗೇ ಉಳಿಯಿತು. ಮುಂದೆ ಯಾವುದೋ ಹುಡುಗ ಹೊಸ ಬೈಕ್ ಮೇಲೆ ಆ ಗುಡಿ ಮುಂದೆ ಹಾದಾಗ ಆ ವೋಲ್ಟೇಜ್ ಅವನ ಮೈಮೇಲೆ ಬೀಳ್ತದ.

ನಮಗೆ ಸುಮ್ಮನಿರ್ರಿ ಅಂತ ಹೇಳುವವರೆಲ್ಲ ಕೆಟ್ಟವರಲ್ಲ. ಎಷ್ಟೋ ಜನಕ್ಕೆ ನಿಜವಾಗಿಯೂ ಶಾಂತಿ ಬೇಕಿದೆ. ಆದರೆ ಅವರು ವಾಲ್ಯೂಮ್ ಗುಂಡಿಗೆ ಕೈ ಹಾಕ್ತಾರ, ದೋಷ ಇರುವುದು ಅದರ ಹಿಂದೆ. ಬಾಬಾಸಾಹೇಬರು 1920ರ ಜನವರಿ 31ರಂದು ಶುರುಮಾಡಿದ ಪತ್ರಿಕೆಗೆ 'ಮೂಕನಾಯಕ' ಅಂತ ಹೆಸರಿಟ್ಟರು. ದನಿ ಇಲ್ಲದವರಿಗೆ ದನಿ ಕೊಡುವ ಕೆಲಸ ಅಲ್ಲಿಂದ ಇಲ್ಲಿಗೆ ಬಂದಿದೆ. ಆ ದನಿಯನ್ನ ಗುಂಯ್ ಅನ್ನೋದು ಒಪ್ಪೋಕಾಗಲ್ಲ.

ಹಂಗಂತ ನಮ್ಮ ಡಿಜೆ ಬಗ್ಗೆ ಸುಮ್ಮನಿರೋದೂ ಸರಿಯಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಎಲ್ಲರಿಗೂ ಒಂದೇ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಇಲ್ಲ. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಡೆಸಿಬಲ್ ಮೀಟರಿಗೆ ಜಾತಿ ಗೊತ್ತಿಲ್ಲ, ಅದನ್ನ ಯಾರ ಮುಂದೆ ಹಿಡೀತಾರ ಅನ್ನೋದರಾಗ ಜಾತಿ ಅದ. ಎಲ್ಲರ ಮುಂದೆ ಹಿಡೀರಿ ಅಂತ ಕೇಳುವ ಹಕ್ಕು ನಮಗೆ ಬೇಕಾದರೆ ನಮ್ಮ ಮುಂದೆ ಹಿಡಿದಾಗ ನಾವೂ ಸರಿ ಇರಬೇಕು. ಎದೆ ನಡುಗಿಸೋ ಬೇಸ್‌ನಲ್ಲಿ ಹಾಡಿನ ಒಂದು ಅಕ್ಷರವೂ ಕೇಳದಿದ್ದರೆ ಅದು ಯಾರಿಗೆ ಬೇಕಾದ ದನಿ? ನಮ್ಮ ಅವ್ವಂದಿರು ಕಿವಿ ಮುಚ್ಚಿಕೊಂಡು ನಿಲ್ತಾರ, ನೋಡೀರಿ?

ಸಂಘಟನೆಗಳ ಒಳಗೂ ಇದೇ ಮಾತು. ಗುಂಯ್ ಅಂದ ತಕ್ಷಣ ಎಲ್ಲಾ ವಾಲ್ವ್ ಕಿತ್ತು ಬಿಸಾಡಿ ಹೊಸ ಬಣ ಕಟ್ಟೋದು ನಮಗೆ ರೂಢಿಯಾಗಿದೆ. ಒಂದೊಂದಾಗಿ ಪರೀಕ್ಷೆ ಮಾಡುವ ತಾಳ್ಮೆ ಇದ್ದರೆ ಎಷ್ಟೋ ಹಳಬರು ಜಾಗ ಬದಲಿಸಿದರೆ ಸಾಕು, ಇನ್ನೂ ಹತ್ತು ವರ್ಷ ದನಿ ಕೊಡ್ತಾರ.

ಇನ್ನೊಂದು ಸಂಗತಿ. ಈ ಕೆಲಸ ನಮ್ಮ ಹುಡುಗರು ಕಲಿಯಬೇಕು. ನಾನು ಮೈಕ್‌ಸೆಟ್ಟಿನ ಜೊತೆ ಬಹಳ ಊರು ತಿರುಗಿದ್ದೇನೆ. ಮೈಕ್ ಕೆಟ್ಟರೆ ಕಟ್ಟೆ ಮೇಲೆ ಕರೆಯುತ್ತಾರೆ, ನಾನು ಮುಟ್ಟಿದ ಮೈಕನ್ನೇ ಬಾಯಿಗೆ ಹಿಡಿದು ಭಾಷಣ ಮಾಡುತ್ತಾರೆ. ಚಹಾ ಬಂದಾಗ ನನಗೆ ಕಾಗದದ ಕಪ್. ಸ್ಟೀಲ್ ಲೋಟ ಮಗ್ಗುಲಲ್ಲೇ ಇರ್ತದ. ಮೈಕಿಗೆ ಇಲ್ಲದ ಮೈಲಿಗೆ ಲೋಟಕ್ಕೆ ಹೇಗೆ ಬಂತು ಅಂತ ಒಂದು ಊರಲ್ಲಿ ಮೈಕ್ ಆನ್ ಇದ್ದಾಗಲೇ ಕೇಳಿದೆ. ಉತ್ತರ ಬರಲಿಲ್ಲ. ಮುಂದಿನ ವರ್ಷ ಎಲ್ಲರಿಗೂ ಕಾಗದದ ಕಪ್ ಮಾಡಿದರು. ವಿದ್ಯೆ ಕೈಯಲ್ಲಿದ್ದರೆ ಕೇಳುವ ಜಾಗ ಸಿಗ್ತದ, ಅಷ್ಟೇ. ಉಳಿದದ್ದು ನಾವೇ ಮಾಡಬೇಕು.

ಈಗ ಏಪ್ರಿಲ್ 14ಕ್ಕೆ ಮೊದಲು ಪ್ರತಿ ಕೇರಿಯಲ್ಲಿ ಮಾಡಲೇಬೇಕಾದ ಕೆಲಸ. ಉಳಿಸಿಟ್ಟುಕೊಳ್ರಿ.

1. ಮೈಕ್‌ಸೆಟ್ ಬಂದ ತಕ್ಷಣ ಎಲ್ಲಾ ಪ್ಲಗ್ ನೋಡಿ. ಮುರಿದ ಅರ್ಥ್ ಪಿನ್ ಇದ್ದರೆ ಪ್ಲಗ್ ಬದಲಿಸದೇ ಹಚ್ಚಬೇಡಿ. ಹೊಸ ಪ್ಲಗ್ಗಿನ ಬೆಲೆ ಒಂದು ಹೂವಿನ ಹಾರಕ್ಕಿಂತ ಕಡಿಮೆ.

2. ಬೋರ್ಡಿನಲ್ಲಿ ಅರ್ಥ್ ನಿಜವಾಗಿ ಇದೆಯಾ ನೋಡಿ. ಎಷ್ಟೋ ಸಮುದಾಯ ಭವನಗಳಲ್ಲಿ ಮೂರು ತೂತಿನ ಸಾಕೆಟ್ ಇರ್ತದ, ಹಿಂದೆ ಹಸಿರು ವೈರೇ ಇರೋದಿಲ್ಲ. ಇನ್ನು ಕೆಲವರು ಅರ್ಥನ್ನ ಬೋರ್ಡಿನಲ್ಲೇ ನ್ಯೂಟ್ರಲ್‌ಗೆ ಕೂಡಿಸಿಬಿಡುತ್ತಾರೆ. ಹೊರಗೆ ನ್ಯೂಟ್ರಲ್ ಹರಿದರೆ ಎಲ್ಲಾ ಡಬ್ಬಿಗಳೂ 230 ವೋಲ್ಟ್ ಆಗುತ್ತವೆ. ಅದು ಅರ್ಥ್ ಇಲ್ಲದ್ದಕ್ಕಿಂತ ಕೆಟ್ಟದ್ದು.

3. ಅರ್ಥ್ ಗುಂಡಿ ತೋಡಿಸಿ. ಜಿಐ ಪೈಪ್, ಇದ್ದಿಲು, ಉಪ್ಪು. ನಮ್ಮ ಎರೆಭೂಮಿ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟಿರ್ತದ, ಒಣ ನೆಲ ಕರೆಂಟ್ ಒಯ್ಯೋದಿಲ್ಲ. ಕಾರ್ಯಕ್ರಮದ ಹಿಂದಿನ ದಿನ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ. ಒಬ್ಬ ಹಳೆ ವೈರ್‌ಮನ್ ನನಗೆ ಹೇಳ್ತಿದ್ದ: ನಿಮ್ಮ ಕೇರಿಗೆ ಭೂಮಿನೂ ಕೊಟ್ಟಿಲ್ಲ, ಅರ್ಥಿಂಗೂ ಕೊಟ್ಟಿಲ್ಲ. ಭೂಮಿಗೆ ಹೋರಾಟ ನಡೀಲಿ, ಅರ್ಥಿಂಗ್ ಮಾತ್ರ ಈ ವಾರವೇ ಮಾಡಿಸ್ರಿ.

4. ಜನರೇಟರ್ ತಂದರೆ ಅದಕ್ಕೂ ಅರ್ಥ್ ಬೇಕು. ವೈರ್‌ಮನ್ ಕೈಯಿಂದಲೇ ಮಾಡಿಸಿ.

5. ವೇದಿಕೆಯ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಮನುಷ್ಯನ ಮೈಯೊಳಗೆ ಹರಿದರೆ ಅದು ಕ್ಷಣದಲ್ಲಿ ಲೈನ್ ಕಡಿಯುತ್ತದೆ. ಕಂಬಕ್ಕೆ ಕೊಕ್ಕೆ ಬೇಡ, ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಕೊಡಿ.

6. ಹಾಡುವ ಮೊದಲು ಮಲ್ಟಿಮೀಟರನ್ನ ಎ.ಸಿ.ಗೆ ಇಟ್ಟು ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ತಲೆಗೆ ಹಿಡಿಯಿರಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಯಾರೂ ಮುಟ್ಟಬೇಡಿ, ಮೊದಲು ಕಾರಣ ಹುಡುಕಿ.

7. ಗುಂಯ್ ಇದ್ದರೆ ಇರಲಿ. ಗುಂಯ್ ಇರುವ ಸಭೆ ನಡೀತದ. ಪಿನ್ ಮಾತ್ರ ಮುರಿಯಬೇಡಿ.

ಶಹಾಪುರ, ಸುರಪುರ, ಯಾದಗಿರಿ ಕಡೆಯ ತಂಡದವರಿಗೆ ಏನಾದರೂ ಅನುಮಾನ ಇದ್ದರೆ ಮೆಸೇಜ್ ಮಾಡ್ರಿ. ಸಾಧ್ಯ ಆದಷ್ಟು ಊರಿಗೆ ನಾನೇ ಬಂದು ನೋಡ್ತೀನಿ. ಬರುವಾಗ ನನಗೆ ಹಾರ, ಶಾಲು ಬೇಡ. ಕಲಿಯೋಕೆ ಇಬ್ಬರು ಹುಡುಗರು, ಒಬ್ಬ ಹುಡುಗಿ ಇರಲಿ. ಈ ಪೋಸ್ಟ್ ನಿಮ್ಮೂರ ಮೈಕ್‌ಸೆಟ್ ಹುಡುಗನಿಗೆ ಮೊದಲು ಕಳಿಸ್ರಿ.

ಜೈಭೀಮ್.